ಭಜನೆಯ ಪಲ್ಲವಿಯಿಂದ ಕಚೇರಿಯ ಕೃತಿಯವರೆಗೆ: ಗಡಿನಾಡಿನ ಯುವ ಸಂಯೋಜಕರಿಗೆ ಒಂದು ಮಾರ್ಗದರ್ಶಿ

ಕಾಸರಗೋಡಿನ ಹಳ್ಳಿಗಳಲ್ಲಿ ಸಂಜೆಯ ಹೊತ್ತಿಗೆ ನಡೆದು ಹೋಗುವವನಿಗೆ ಯಾವುದಾದರೊಂದು ಭಜನಾ ಮಂದಿರದಿಂದ ತಾಳದ ಸದ್ದು ಕೇಳಿಸುತ್ತದೆ. ಅದೇ ಊರಿನ ಬಸ್ಸಿನಲ್ಲಿ ಮಲಯಾಳ ಸಿನಿಮಾ ಹಾಡು, ಮದುವೆಯ ಚಪ್ಪರದಲ್ಲಿ ಒಪ್ಪನ ಎಂಬ ಮಾಪಿಳ್ಳೆ ಹಾಡು-ಕುಣಿತದ ಚಪ್ಪಾಳೆ, ಬೇಸಗೆಯ ರಾತ್ರಿ ಬಯಲಿನಲ್ಲಿ ಯಕ್ಷಗಾನದ ಆಟದ ಚೆಂಡೆ. ಇಷ್ಟನ್ನೂ ಕಿವಿಯಲ್ಲಿ ತುಂಬಿಕೊಂಡು ಬೆಳೆದ ಮಕ್ಕಳು ಪಿಟೀಲನ್ನೋ ಕೊಳಲನ್ನೋ ಹಾಡುಗಾರಿಕೆಯನ್ನೋ ಹತ್ತು ಹನ್ನೆರಡು ವರ್ಷ ಕ್ರಮವಾಗಿ ಕಲಿತ ಮೇಲೆ, ತಮ್ಮದೇ ಒಂದು ಕೃತಿಯನ್ನು ಕಟ್ಟಬೇಕು, ಅದರಲ್ಲಿ ಊರಿನ ಹಾಡೂ ಇರಬೇಕು ಕಚೇರಿಯ ಸಂಗೀತವೂ ಇರಬೇಕು ಎಂಬ ಆಸೆಯನ್ನು ನನ್ನ ಮುಂದೆ ಇಡುತ್ತಾರೆ. ಆ ಆಸೆ ನ್ಯಾಯವಾದದ್ದು. ಅದನ್ನು ಕೈಗೂಡಿಸುವ ದಾರಿಯನ್ನು ಕಲಿಸುವವರು ನಮ್ಮಲ್ಲಿ ಕಡಿಮೆ ಇರುವುದರಿಂದ, ನಾನು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಏಳೆಂಟು ಮಂದಿ ಕಲಾವಿದರು ಸೇರಿ ದೇವಸ್ಥಾನದ ಉತ್ಸವದಲ್ಲೋ ಶಾಲೆಯ ಸಭಾಂಗಣದಲ್ಲೋ ನುಡಿಸಬಹುದಾದ, ಸುಮಾರು ಹತ್ತು ನಿಮಿಷದ ಒಂದು ಕೃತಿ ನಮ್ಮ ಗುರಿ ಎಂದು ಇಟ್ಟುಕೊಳ್ಳೋಣ.

ನಾನು ಈ ಕೆಲಸಕ್ಕೆ ಮೊದಲು ಕೈಹಾಕಿದಾಗ ಮಾಡಿದ ತಪ್ಪನ್ನು ಹೇಳಿಬಿಟ್ಟರೆ ಮುಂದಿನ ಮಾತು ಸುಲಭವಾಗುತ್ತದೆ. ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಧಾಟಿಯನ್ನು ಎತ್ತಿಕೊಂಡು, ಅದರ ಮುಂದೆ ನಾಲ್ಕು ನಿಮಿಷ ಕಲ್ಯಾಣಿ ರಾಗದ ಆಲಾಪನೆಯನ್ನು ಇಟ್ಟು, ಹಿಂದಿನಿಂದ ಕೀಬೋರ್ಡು ನುಡಿಸಿ, ಮೊದಲಿನಿಂದ ಕೊನೆಯವರೆಗೂ ಚೆಂಡೆ ಬಾರಿಸಿದೆವು. ಆಲಾಪನೆಯ ಹೊತ್ತಿನಲ್ಲಿ ಎಳೆಯರು ಎದ್ದು ಚರುಮುರಿಯ ಅಂಗಡಿಯತ್ತ ಹೋದರು; ಸಿನಿಮಾ ಧಾಟಿ ಬಂದ ಕೂಡಲೇ ಹಿರಿಯರು ಎದ್ದರು. ಅವರಲ್ಲಿ ಯಾರದೂ ತಪ್ಪಿರಲಿಲ್ಲ. ನಾನು ಕಟ್ಟಿದ್ದು ಒಂದು ಕೃತಿಯಾಗಿರಲಿಲ್ಲ. ಎರಡು ತುಂಡುಗಳನ್ನು ಅಂಟಿಸಿದ್ದೆ, ಅಂಟು ಕೇಳುವವರೆಲ್ಲರಿಗೂ ಕಾಣುತ್ತಿತ್ತು. ಅಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ನಿಯಮ ಇಷ್ಟೇ: ಜನರ ಹಾಡಿನಿಂದ ತಂದದ್ದು ಕೃತಿಯ ಮೈಮೇಲಿನ ಒಡವೆಯಾಗಬಾರದು, ಎಲುಬಾಗಬೇಕು. ಅದನ್ನು ತೆಗೆದರೆ ಕೃತಿ ಕುಸಿದುಬೀಳುವಂತಿರಬೇಕು.

ಮೊದಲು ಕೇಳಬೇಕಾದವರು

ಬರೆಯಲು ಕುಳಿತುಕೊಳ್ಳುವ ಮೊದಲು ಒಂದೆರಡು ತಿಂಗಳು ಕೇಳುವುದಕ್ಕೆ ಕೊಡಿ. ಇಳಯರಾಜ ಅವರಿಂದ ಆರಂಭಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 1943ರಲ್ಲಿ ತಮಿಳುನಾಡಿನ ಪಣ್ಣೈಪುರದಲ್ಲಿ ಹುಟ್ಟಿ, ಅಣ್ಣನ ತಂಡದೊಂದಿಗೆ ಹಳ್ಳಿಹಳ್ಳಿಯ ವೇದಿಕೆಗಳಲ್ಲಿ ಹಾಡಿ ಬೆಳೆದವರು ಅವರು. ಚೆನ್ನೈಯಲ್ಲಿ ಧನರಾಜ್ ಮಾಸ್ಟರ್ ಅವರ ಬಳಿ ಪಾಶ್ಚಾತ್ಯ ಸಂಗೀತ ಕಲಿತದ್ದೂ, ನಮ್ಮ ಕನ್ನಡದ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದದ್ದೂ ಮುಂದಿನ ಕಥೆ. ಸಿನಿಮಾದ ಹೊರಗೆ ಅವರು 1986ರಲ್ಲಿ ತಂದ 'ಹೌ ಟು ನೇಮ್ ಇಟ್' ಎಂಬ ಧ್ವನಿಮುದ್ರಿಕೆಯನ್ನು ತ್ಯಾಗರಾಜರಿಗೂ ಜರ್ಮನಿಯ ಸಂಯೋಜಕ ಬಾಖ್‌ಗೂ ಅರ್ಪಿಸಿದ್ದಾರೆ. ಅದನ್ನು ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ವಿ. ಎಸ್. ನರಸಿಂಹನ್ ಅವರ ಪಿಟೀಲನ್ನು ಮಾತ್ರ ಹಿಂಬಾಲಿಸಿ. ಮೂರನೆಯ ಸಲ ಆ ಪಿಟೀಲನ್ನು ಬಿಟ್ಟು ಅದರ ಕೆಳಗೆ ಉಳಿದ ತಂತಿವಾದ್ಯಗಳು ಎತ್ತ ಚಲಿಸುತ್ತಿವೆ ಎಂಬುದನ್ನು ಗಮನಿಸಿ. ಆಮೇಲೆ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನೊಂದಿಗೆ 1988ರಲ್ಲಿ ಬಂದ 'ನಥಿಂಗ್ ಬಟ್ ವಿಂಡ್', 2005ರ 'ತಿರುವಾಸಗಂ' ಇವುಗಳಿಗೆ ಬನ್ನಿ. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಅವರ ಸಿಂಫೊನಿಯನ್ನು ನುಡಿಸಿತು. ಹಳ್ಳಿಯ ವೇದಿಕೆಯಿಂದ ಅಲ್ಲಿಯವರೆಗಿನ ದೂರವನ್ನು ಅವರು ಕ್ರಮಿಸಿದ್ದು ಎರಡೂ ಕಡೆಯ ವ್ಯಾಕರಣವನ್ನು ಬೇರೆಬೇರೆಯಾಗಿ, ಪೂರ್ತಿಯಾಗಿ ಕಲಿತದ್ದರಿಂದ.

ಆಸ್ಟರ್ ಪಿಯಾಜೊಲ್ಲಾ ಎಂಬ ಅರ್ಜೆಂಟೀನಾದ ಸಂಯೋಜಕರನ್ನೂ ಕೇಳಬೇಕು. ಟ್ಯಾಂಗೊ ಎಂಬ ಕುಣಿತದ ಸಂಗೀತದಲ್ಲಿ ಬೆಳೆದ ಅವರು ಅದನ್ನು ಬಿಟ್ಟು ಗಂಭೀರ ಸಂಗೀತ ಬರೆಯಬೇಕೆಂದು 1954ರಲ್ಲಿ ಪ್ಯಾರಿಸ್ಸಿಗೆ ಹೋದಾಗ, ಅಲ್ಲಿನ ಗುರು ನಾಡಿಯಾ ಬೂಲಾಂಜೆ, ಪಿಯಾಜೊಲ್ಲಾ ನುಡಿಸಿದ ಟ್ಯಾಂಗೊವನ್ನು ಕೇಳಿ, ನಿಮ್ಮ ನಿಜವಾದ ದನಿ ಅದರಲ್ಲಿದೆ, ಅದನ್ನು ಬಿಡಬೇಡಿ ಎಂದರಂತೆ. ಎಂಟು ಮಾತ್ರೆಯನ್ನು, ಅಂದರೆ ಎಂಟು ಸಮಾನ ಎಣಿಕೆಯನ್ನು, ಮೂರು, ಮೂರು, ಎರಡು ಎಂದು ಒಡೆಯುವ ನಡೆ ಅವರ ಕೃತಿಗಳಲ್ಲಿ ಮತ್ತೆಮತ್ತೆ ಬರುತ್ತದೆ. ಮೇಲೆ ಒಂದೇ ಧಾಟಿಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಫ್ಯೂಗಿನಂಥ ಕಠಿಣವಾದ ಕಟ್ಟಡ ಏರುತ್ತಿದ್ದರೂ ಕೆಳಗಿನ ಆ ಎಂಟರ ನಡಿಗೆ ಕುಣಿತದ ನೆನಪನ್ನು ಬಿಟ್ಟುಕೊಡುವುದಿಲ್ಲ. ಈ ಲೆಕ್ಕವನ್ನು ಮುಂದೆ ನಾವೂ ಬಳಸಲಿದ್ದೇವೆ.

ಇದೆಲ್ಲ ಪರದೇಶದ ಮಾತು, ನಮ್ಮ ಸಂಪ್ರದಾಯಕ್ಕೆ ಇದು ಸಲ್ಲದು ಎನ್ನುವವರಿಗೆ ಮುತ್ತುಸ್ವಾಮಿ ದೀಕ್ಷಿತರನ್ನು ನೆನಪಿಸಿ. ಕಂಪೆನಿ ಸರ್ಕಾರದ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳಿಗೆ ಅವರು ಸಂಸ್ಕೃತದಲ್ಲಿ ಸಾಹಿತ್ಯ ರಚಿಸಿದರು. ನೊಟ್ಟುಸ್ವರಗಳೆಂದು ನಾವು ಮಕ್ಕಳಿಗೆ ಕಲಿಸುವುದು ಅವನ್ನೇ, ಅವು ಸುಮಾರು ನಲುವತ್ತಿವೆ. 'ಸಂತತಂ ಪಾಹಿಮಾಂ' ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯಲ್ಲಿದೆ. ಇಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಅವರ ಸಂಯಮ. ಸ್ವರವನ್ನು ತೂಗಿ ಜಾರಿಸುವ ಗಮಕದ ಆಳವನ್ನು ಅವರಷ್ಟು ಬಲ್ಲವರು ವಿರಳ. ಆದರೂ ಆ ಧಾಟಿಗಳಿಗೆ ಅವರು ಗಮಕವನ್ನು ಹೇರದೆ, ಸ್ವರಗಳನ್ನು ನೇರವಾಗಿ ನಿಲ್ಲಿಸಿದರು. ಪರರ ಮನೆಯಿಂದ ತಂದ ವಸ್ತುವಿನ ಸ್ವಭಾವವನ್ನು ಅವರು ಗೌರವಿಸಿದರು.

ಯಾವುದನ್ನು ಎತ್ತಿಕೊಳ್ಳಬಹುದು, ಯಾವುದನ್ನು ಕೂಡದು

ನಮ್ಮ ಸುತ್ತ ಇರುವ ಎಲ್ಲ ಹಾಡೂ ನಮ್ಮ ಬಳಕೆಗೆ ಬಿದ್ದಿರುವ ಸರಕಲ್ಲ. ಭೂತಕೋಲದ ಪಾಡ್ದನ, ತೆಯ್ಯಂನ ತೋಟ್ಟಂ ಎಂಬ ಹಾಡುಗಳು ದೈವಾರಾಧನೆಯ ಅಂಗಗಳು. ಅವನ್ನು ಹಾಡುವ ಹಕ್ಕುಳ್ಳ ಮನೆತನಗಳಿವೆ. ಆ ಮನೆಯ ಹಿರಿಯರಲ್ಲಿ ಹೋಗಿ ಕುಳಿತು, ಏನು ಮಾಡಲಿದ್ದೇನೆಂದು ವಿವರಿಸಿ, ಅವರು ಮನಸ್ಸಾರೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಹೊಸಬರು ಮೊದಲ ಕೃತಿಗೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಸಿನಿಮಾ ಹಾಡಿನ ತೊಡಕು ಬೇರೆ ಬಗೆಯದು: ನಮ್ಮ ದೇಶದ ಕಾನೂನಿನಂತೆ ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಧಾಟಿಯ ಹಕ್ಕು ಉಳಿಯುತ್ತದೆ, ಆದ್ದರಿಂದ ಅನುಮತಿಯಿಲ್ಲದೆ ಅದನ್ನು ಕೃತಿಯೊಳಗೆ ನೇಯಬಾರದು. ದಾಸರ ಪದಗಳ ಸಾಹಿತ್ಯಕ್ಕೆ ಆ ತಡೆಯಿಲ್ಲ. ಆದರೆ ಅದಕ್ಕೆ ಈಗಿನ ಯಾರಾದರೂ ಹಾಕಿದ ಧಾಟಿ ಅವರದೇ ಎಂಬುದನ್ನು ಮರೆಯಬೇಡಿ.

ಈ ಕಾರಣಗಳಿಂದ, ಜತೆಗೆ ನನಗೆ ಅದರ ಮೇಲೆ ಇರುವ ಪ್ರೀತಿಯಿಂದಲೂ, ಭಜನೆಯನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಒಬ್ಬರು ಹೇಳಿ ಹಲವರು ತಿರುಗಿ ಹೇಳುವ ಕ್ರಮ, ಮೆಲ್ಲನೆ ಏರುತ್ತ ಹೋಗುವ ವೇಗ, ಕುಣಿತ ಭಜನೆಯಲ್ಲಿ ಕಾಲಿಗೆ ಸಿಗುವ ಪೆಟ್ಟು ಇವು ಮೂರೂ ಊರಿನ ಮಕ್ಕಳಿಗೆ ಮೈಯಿಂದಲೇ ಗೊತ್ತಿವೆ. ಮಂದಿರಕ್ಕೆ ನಾಲ್ಕೈದು ವಾರ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಹಾಡಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಅವಸರ ಬೇಡ. ಹಾಡುತ್ತ ಹಾಡುತ್ತ, ಯಾವುದನ್ನು ಬಿಟ್ಟರೆ ಅದು ಭಜನೆಯಾಗಿ ಉಳಿಯುವುದಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹಾರ್ಮೋನಿಯಂ ಬಿಟ್ಟರೂ ಭಜನೆ ನಡೆಯುತ್ತದೆ, ತಬಲ ಬಿಟ್ಟರೂ ನಡೆಯುತ್ತದೆ; ತಿರುಗಿ ಹೇಳುವ ಗುಂಪು ಇಲ್ಲದಿದ್ದರೆ ನಡೆಯದು. ಹಾಗಾದರೆ ಆ ತಿರುಗಿ ಹೇಳುವಿಕೆಯೇ ನಿಮ್ಮ ಕೃತಿಯ ಎಲುಬು.

ಎಂಟು ಮಾತ್ರೆಯ ಒಂದು ಪಲ್ಲವಿ

ಈಗ ನಿಜವಾದ ಕೆಲಸಕ್ಕೆ ಬರೋಣ. ಮೋಹನ ರಾಗದಲ್ಲಿ ಎಂಟೆಂಟು ಮಾತ್ರೆಯ ಎರಡು ಸಾಲನ್ನು ಭಜನೆಯ ರೀತಿಯಲ್ಲಿ ನಾನೇ ಕಟ್ಟಿಕೊಂಡಿದ್ದೇನೆ. ಬೇಕಾದವರು ಇದನ್ನೇ ಬಳಸಬಹುದು. ಅಲ್ಪವಿರಾಮದ ಗುರುತು ಒಂದು ಮಾತ್ರೆಯ ಕಾರ್ವೆ, ಅಂದರೆ ಹೊಸ ಸ್ವರವಿಲ್ಲದ ನಿಲುಗಡೆ.

ಹೇಳುವವರು: ಗ ಪ ದ ಪ ಗ ರಿ ಗ ,
ತಿರುಗಿ ಹೇಳುವವರು: ರಿ ಗ ಪ ಗ ರಿ ಸ ಸ ,

ಇದನ್ನು ಮೊದಲು ನಾಲ್ಕು ನಾಲ್ಕಾಗಿ ತಾಳ ತಟ್ಟಿ ಹಾಡಿ: ಗಪದಪ, ಗರಿಗ ಮತ್ತು ಕಾರ್ವೆ. ಇದು ಮಂದಿರದ ನಡೆ. ಈಗ ಒಂದು ಸ್ವರವನ್ನೂ ಬದಲಿಸದೆ ಪೆಟ್ಟನ್ನು ಮಾತ್ರ ಮೂರು, ಮೂರು, ಎರಡಕ್ಕೆ ಸರಿಸಿ: ಗಪದ, ಪಗರಿ, ಗ ಮತ್ತು ಕಾರ್ವೆ. ಎರಡನೆಯ ಪೆಟ್ಟು ಪ ಎಂಬ ಪಂಚಮದ ಮೇಲೆ ಬೀಳುತ್ತದೆ, ಮೂರನೆಯದು ಗ ಎಂಬ ಗಾಂಧಾರದ ಮೇಲೆ. ಸ್ವರಗಳು ಹಳೆಯವೇ ಆದರೂ ನಡಿಗೆ ಬೇರೆಯಾಯಿತು. ತಿರುಗಿ ಹೇಳುವ ಸಾಲಿಗೂ ಹಾಗೆಯೇ ಮಾಡಿ: ರಿಗಪ, ಗರಿಸ, ಸ ಮತ್ತು ಕಾರ್ವೆ. ಕೊಳಲು ಈ ಹೊಸ ಪೆಟ್ಟಿನಲ್ಲಿ ನುಡಿಸುತ್ತಿರುವಾಗ ಭಜನೆಯವರು ಹಳೆಯ ನಾಲ್ಕರಲ್ಲೇ ತಾಳ ಹಾಕುತ್ತಿರಲಿ. ಎರಡೂ ಎಂಟನೆಯ ಮಾತ್ರೆ ಮುಗಿದೊಡನೆ ಕೂಡುವುದರಿಂದ ಯಾರೂ ದಾರಿ ತಪ್ಪುವುದಿಲ್ಲ, ಆದರೆ ನಡುವಿನ ಜಗ್ಗಾಟದಲ್ಲಿ ಕೇಳುವವರ ಮೈ ಎಚ್ಚರಗೊಳ್ಳುತ್ತದೆ.

ಮುಂದಿನ ಹೆಜ್ಜೆ ಆ ಕೊನೆಯ ಕಾರ್ವೆಗೆ ಸಂಬಂಧಿಸಿದ್ದು. ಭಜನೆಯಲ್ಲಿ ಅದು ಉಸಿರು ತೆಗೆದುಕೊಳ್ಳುವ ಜಾಗ. ಅದನ್ನು ಕಿತ್ತುಬಿಡಿ. ಉಳಿಯುವುದು ಏಳು ಮಾತ್ರೆ: ಗಪದ, ಪಗರಿಗ. ಮೂರು ಮತ್ತು ನಾಲ್ಕು ಎಂದರೆ ಕರ್ನಾಟಕ ಸಂಗೀತದ ಏಳು ಮಾತ್ರೆಯ ತಾಳವಾದ ಮಿಶ್ರಚಾಪು. ತಿರುಗಿ ಹೇಳುವ ಸಾಲು ರಿಗಪ, ಗರಿಸಸ ಎಂದಾಗುತ್ತದೆ. ಊರಿನ ಪಲ್ಲವಿಯೊಂದು ಬರೀ ಒಂದು ಉಸಿರನ್ನು ಕಳೆದುಕೊಂಡು ಕಚೇರಿಯ ತಾಳದೊಳಗೆ ಬಂದು ನಿಂತಿತು. ಹೊರಗಿನಿಂದ ಏನನ್ನೂ ಸೇರಿಸಬೇಕಾಗಲಿಲ್ಲ. ಇದನ್ನು ಮೊದಲು ಕಂಡುಕೊಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಇನ್ನು ಏಳನ್ನೂ ನಾಲ್ಕನ್ನೂ ಒಟ್ಟಿಗೆ ನಡೆಸಬಹುದು. ಗಾಯಕರು ಏಳರ ಪಲ್ಲವಿಯ ಎರಡೂ ಸಾಲನ್ನು ಎರಡು ಸಲ ಹಾಡಿದರೆ 28 ಮಾತ್ರೆಯಾಗುತ್ತದೆ. ಆ ಹೊತ್ತಿಗೆ ತಾಳದವರು ನಾಲ್ಕು ಮಾತ್ರೆಗೊಂದರಂತೆ ಏಳು ಪೆಟ್ಟು ಮುಗಿಸಿರುತ್ತಾರೆ. ತಾಳದವರಿಗೆ ಮಿಶ್ರಚಾಪು, ಜಾತಿ, ನಡೆ ಎಂದೆಲ್ಲ ವಿವರಿಸಬೇಕಾಗಿಲ್ಲ. ಏಳು ಪೆಟ್ಟು ಎಣಿಸಿ, ಎಂಟನೆಯದು ಎಲ್ಲರೂ ಕೂಡುವ ಪೆಟ್ಟು ಎಂದರೆ ಸಾಕು.

ಮುಕ್ತಾಯಕ್ಕೆ ಆದಿತಾಳದ ಒಂದು ಆವರ್ತ, ಅಂದರೆ ಎಂಟು ಅಕ್ಷರದ ಒಂದು ಸುತ್ತು, ಅಕ್ಷರಕ್ಕೆ ನಾಲ್ಕರಂತೆ 32 ಮಾತ್ರೆ ಇಟ್ಟುಕೊಳ್ಳಿ. ಪಲ್ಲವಿಯ ಮೊದಲ ಸಾಲಿನಿಂದಲೇ ಹುಟ್ಟಿದ ಹತ್ತು ಮಾತ್ರೆಯ ಒಂದು ತುಂಡು: ಗಪದಪ, ಗರಿಗ, ರಿಸರಿ. ಇದನ್ನು ಮೂರು ಸಲ ನುಡಿಸಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆ ನಿಲ್ಲಿ. ಮೂವತ್ತಕ್ಕೆ ಎರಡು ಸೇರಿ 32 ಆಗುತ್ತದೆ, ಮುಂದಿನ ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಪಲ್ಲವಿಯ ಗಾಂಧಾರ ನೇರವಾಗಿ ಬಂದು ಕೂರುತ್ತದೆ. ಈ ಒಂದು ಮಾತ್ರೆಯ ನಿಲುಗಡೆಯಲ್ಲಿ ಯಾರೂ ಏನನ್ನೂ ತುಂಬಬಾರದು; ಮದ್ದಳೆಯವರು ಅಭ್ಯಾಸಬಲದಿಂದ ಅಲ್ಲೊಂದು ಪೆಟ್ಟು ಕೊಡುತ್ತಾರೆ, ಮೊದಲ ದಿನವೇ ಹೇಳಿಬಿಡಿ.

ಗಿಟಾರಿನವರೊಡನೆ ಮಾತು

ಸ್ವರಮೇಳವನ್ನು, ಅಂದರೆ ಧಾಟಿಯ ಕೆಳಗೆ ಕಾರ್ಡುಗಳೆಂಬ ಸ್ವರಗುಚ್ಛಗಳನ್ನು, ಸೇರಿಸುವಾಗ ಹೆಚ್ಚಿನ ಕೃತಿಗಳು ಹಾಳಾಗುತ್ತವೆ. ಗಿಟಾರ್ ನುಡಿಸುವ ಹುಡುಗರ ಕೈ ಸಿ, ಎಫ್, ಜಿ ಎಂಬ ಮೂರು ಕಾರ್ಡುಗಳತ್ತ ತಾನಾಗಿ ಹೋಗುತ್ತದೆ. ಸಿ ಎಂಬುದನ್ನು ಷಡ್ಜ, ಅಂದರೆ ಸ, ಎಂದು ಹಿಡಿದರೆ, ಎಫ್ ಕಾರ್ಡಿನಲ್ಲಿ ಶುದ್ಧ ಮಧ್ಯಮವಿದೆ, ಜಿ ಕಾರ್ಡಿನಲ್ಲಿ ಕಾಕಲಿ ನಿಷಾದವಿದೆ. ಮೋಹನದಲ್ಲಿ ಈ ಎರಡೂ ಇಲ್ಲ. ಪಿಟೀಲು ಎಷ್ಟು ಶುದ್ಧವಾಗಿ ನುಡಿದರೂ ಆ ಎರಡು ಕಾರ್ಡು ಬಿದ್ದ ಕೂಡಲೇ ಮೋಹನ ಕರಗಿ, ಶಂಕರಾಭರಣದ ನೆರಳು ಬರುತ್ತದೆ. ಮೋಹನದ ಸ್ವರಗಳೊಳಗೇ ಸಿಗುವ ಪೂರ್ಣ ಕಾರ್ಡುಗಳು ಎರಡೇ: ಸ ಗ ಪ, ಅಂದರೆ ಸಿ ಮೇಜರ್, ದ ಸ ಗ, ಅಂದರೆ ಎ ಮೈನರ್. ಎರಡರಲ್ಲೇ ಹತ್ತು ನಿಮಿಷ ಕಳೆಯುವುದು ಹೇಗೆ ಎಂದು ಹೆದರಬೇಕಾಗಿಲ್ಲ. ಪಂಚಮದ ಅಂತರವುಳ್ಳ ಜೋಡಿಗಳನ್ನು ನೋಡಿ: ಸ ಪ, ಪ ರಿ, ರಿ ದ, ದ ಗ. ಈ ನಾಲ್ಕು ಜೋಡಿಗಳಲ್ಲಿ ಇಡೀ ಮೋಹನ ಅಡಗಿದೆ. ಎರಡನೆಯ ಪಿಟೀಲಿಗೂ ಗಿಟಾರಿನ ಕೆಳಗಿನ ತಂತಿಗಳಿಗೂ ಇವನ್ನು ಹಂಚಿದರೆ, ರಿಷಭದ ಮೇಲೆ ಪಲ್ಲವಿ ನಿಂತಾಗ ಕೆಳಗೆ ರಿ ದ ಬಂದು ನೆಲವೇ ಮೆಲ್ಲಗೆ ಜರುಗಿದಂತಾಗುತ್ತದೆ, ರಾಗಕ್ಕೆ ಒಂದಿಷ್ಟೂ ಊನವಾಗುವುದಿಲ್ಲ.

ಮೊದಲ ಕೃತಿಗೆ ಮೋಹನ, ಹಂಸಧ್ವನಿ, ಶಂಕರಾಭರಣ ಇವುಗಳಲ್ಲಿ ಒಂದನ್ನು ಆರಿಸಿ. ಹಂಸಧ್ವನಿಯಲ್ಲಿ ಸ ಗ ಪ, ಗ ಪ ನಿ, ಪ ನಿ ರಿ ಎಂಬ ಮೂರು ಕಾರ್ಡುಗಳು ಸಿಗುತ್ತವೆ. ತೋಡಿಯನ್ನು ಸದ್ಯಕ್ಕೆ ಬಿಡಿ. ಅದರ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ, ಆಂದೋಲನವೇ ಅದರ ಜೀವ. ಅದರ ಕೆಳಗೆ ಗಿಟಾರಿನಲ್ಲಿ ಅಲುಗದ ಗಾಂಧಾರವೊಂದನ್ನು ಹಿಡಿದರೆ ಎರಡೂ ಒಂದನ್ನೊಂದು ಸುಳ್ಳು ಮಾಡುತ್ತವೆ. ಇದರಿಂದ ಸಿಗುವ ಒಂದು ಸಾಮಾನ್ಯ ಸೂತ್ರವೂ ಇದೆ: ಮೇಲೆ ಗಮಕ ತುಂಬಿದ ಸಂಚಾರವಿರುವಲ್ಲಿ ಕೆಳಗೆ ಕಾರ್ಡು ಬೇಡ, ಶ್ರುತಿ ಅಥವಾ ಸ ಪ ಸಾಕು, ಮೇಲೆ ಸ್ವರಗಳು ನೇರವಾಗಿ ನಿಂತಿರುವಲ್ಲಿ ಕಾರ್ಡು ಬರಬಹುದು.

ಶ್ರುತಿಯ ವಿಷಯವನ್ನು ಬೇಗನೆ ಮುಗಿಸುತ್ತೇನೆ. ಗಾಯಕರ ಶ್ರುತಿಯನ್ನು ಮೊದಲು ನಿಶ್ಚಯಿಸಿ, ಉಳಿದವರೆಲ್ಲ ಅದಕ್ಕೆ ಹೊಂದಿಕೊಳ್ಳಲಿ. ಅದು ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀಲಿ, ಆದರೆ ಗಿಟಾರಿನವರು ಮೊದಲ ಮನೆಯ ಮೇಲೆ ತಂತಿಗಳನ್ನು ಒತ್ತಿ ಹಿಡಿಯುವ ಕೇಪೊ ಹಾಕಿ ಸಿ ಮೇಜರಿನ ಹಿಡಿತಗಳನ್ನೇ ನುಡಿಸಬಹುದು. ಕೊಳಲಿನವರಿಗೆ ಎರಡು ವಾರ ಮೊದಲೇ ತಿಳಿಸಿ.

ಚೆಂಡೆಗೆ ಜಾಗ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಚೆಂಡೆಯನ್ನು ಕೃತಿಯೊಳಗೆ ತರಬೇಕೆಂಬ ಆಸೆ ನಮ್ಮ ಊರಿನ ಎಲ್ಲ ಸಂಯೋಜಕರಿಗೂ ಇದೆ, ನನಗೂ ಇತ್ತು. ಪಿಟೀಲಿನ ಸಾಲನ್ನೇ ಪೆಟ್ಟುಗಳಾಗಿ ಬರೆದು, ಮೇಳದಲ್ಲಿ ಬಹುಕಾಲ ತಿರುಗಾಟ ಮಾಡಿದ್ದ ಒಬ್ಬ ಚೆಂಡೆಯವರ ಕೈಗೆ ಕೊಟ್ಟೆ. ಅವರು ಒಮ್ಮೆ ನುಡಿಸಿ, ಕೋಲನ್ನು ಮಡಿಲಲ್ಲಿಟ್ಟುಕೊಂಡು, "ಮಾಷ್ಟ್ರೇ, ಪಿಟೀಲು ಹೇಳಿದ್ದನ್ನೇ ನಾನೂ ಹೇಳುದಾದರೆ ಚೆಂಡೆ ಎಂತಕೆ?" ಎಂದರು. ಆಟದಲ್ಲಿ ಚೆಂಡೆ ಪದ ಮುಗಿದಲ್ಲಿ, ವೇಷ ಮೇಲೇಳುವಲ್ಲಿ, ಮಾತಿಗೆ ಸಿಗದ ಆವೇಶ ಬೇಕಾದಲ್ಲಿ ನುಡಿಯುತ್ತದೆ. ಭಾಗವತರ ಪದ ಮೃದುವಾದಾಗ ಅದು ಸುಮ್ಮನಿದ್ದು ಮದ್ದಳೆಗೆ ಬಿಟ್ಟುಕೊಡುತ್ತದೆ. ಆ ಸುಮ್ಮನಿರುವಿಕೆಯೂ ಅದರ ವಿದ್ಯೆಯ ಭಾಗ. ಅವರ ಮಾತಿನಂತೆ ನಾನು ಚೆಂಡೆಯನ್ನು ಮೊದಲ ನಾಲ್ಕು ನಿಮಿಷದಿಂದ ಪೂರ್ತಿಯಾಗಿ ತೆಗೆದೆ. ಮೂರು, ಮೂರು, ಎರಡರ ಪೆಟ್ಟು ಬರುವಲ್ಲಿ, ಹಾಡು ನಿಂತ ಕ್ಷಣದಲ್ಲಿ, ಎಂಟು ಆವರ್ತ ಚೆಂಡೆಗೇ ಬಿಟ್ಟುಕೊಟ್ಟೆ. ಏನು ನುಡಿಸಬೇಕೆಂಬುದನ್ನು ಅವರೇ ತೀರ್ಮಾನಿಸಿದರು. ನನ್ನ ಕೃತಿಯಲ್ಲಿ ಜನ ಇಂದಿಗೂ ನೆನಪಿಟ್ಟುಕೊಂಡಿರುವ ಭಾಗ ಅದು.

ಆದ್ದರಿಂದ ಯಾವ ಪರಂಪರೆಯ ಕಲಾವಿದರನ್ನು ಕರೆದರೂ, ಅವರ ವಾದ್ಯ ಅವರ ಮನೆಯಲ್ಲಿ ಯಾವಾಗ ನುಡಿಯುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ಕೇಳಿ ತಿಳಿದುಕೊಂಡು ಅನಂತರ ಬರೆಯಿರಿ. ಒಪ್ಪನದ ಚಪ್ಪಾಳೆಗೂ ದಫ್ ಎಂಬ ಚರ್ಮವಾದ್ಯ ಬಡಿದು ಕುಣಿಯುವ ದಫ್‌ಮುಟ್ಟಿಗೂ ಈ ಮಾತು ಸಲ್ಲುತ್ತದೆ.

ಕೃತಿಯ ಕ್ರಮ ಮತ್ತು ಬರವಣಿಗೆ

ನಾನು ಇಟ್ಟುಕೊಂಡಿರುವ ಕ್ರಮವನ್ನು ಹೇಳುತ್ತೇನೆ, ಬದಲಿಸುವುದು ನಿಮಗೆ ಬಿಟ್ಟದ್ದು. ಆರಂಭದಲ್ಲಿ ಭಜನೆಯ ತಾಳ ಮಾತ್ರ, ಎಂಟನೆಯ ಮಾತ್ರೆಯ ಉಸಿರು ಎದ್ದು ಕಾಣುವಂತೆ. ತಾಳ ನಿಂತ ಮೇಲೆ ಪಿಟೀಲಿನ ಆಲಾಪನೆ, ಒಂದೂವರೆ ನಿಮಿಷ ಮೀರಬಾರದು; ಗಪದಪ ಎಂಬ ನಾಲ್ಕು ಸ್ವರ ಅದರೊಳಗೆ ಎರಡು ಸಲ ಇಣುಕಿ ಮರೆಯಾಗಲಿ. ಅನಂತರ ಪಲ್ಲವಿ ಮಂದಿರದಲ್ಲಿ ಹಾಡುವಂತೆಯೇ ಬರಲಿ, ಯಾವ ಅಲಂಕಾರವೂ ಬೇಡ. ಆಮೇಲೆ ಪೆಟ್ಟು ಸರಿಯುವ ಭಾಗ, ಚೆಂಡೆ. ಅದರ ಬಿಸಿ ಆರುವ ಮೊದಲೇ ಒಮ್ಮೆಲೇ ವಿಳಂಬಕ್ಕೆ ಇಳಿದು, ಅದೇ ಪಲ್ಲವಿಯನ್ನು ಪ್ರತಿ ಸ್ವರಕ್ಕೂ ಎರಡರಷ್ಟು ಸಮಯ ಕೊಟ್ಟು ಗಮಕದೊಂದಿಗೆ ಒಬ್ಬರೇ ಹಾಡಬೇಕು, ಕೆಳಗೆ ಶ್ರುತಿಯ ಹೊರತು ಇನ್ನೇನೂ ಇರಬಾರದು. ಈ ಇಳಿತದಲ್ಲಿ ಅವಸರ ಪಡಬೇಡಿ. ಕಚೇರಿ ಸಂಗೀತ ಜನರ ಹಾಡಿಗೆ ಕೊಡಬಲ್ಲ ದೊಡ್ಡ ಕೊಡುಗೆ ಸಾವಧಾನ, ಅದಕ್ಕೆ ಎರಡು ನಿಮಿಷವಾದರೂ ಬೇಕು. ಕೊನೆಗೆ ಏಳೂ ನಾಲ್ಕೂ ಸೇರಿದ ಭಾಗ, ಮುಕ್ತಾಯ, ಮತ್ತು ಸಭೆಯೂ ಸೇರಿ ತಿರುಗಿ ಹೇಳುವ ಎಂಟರ ಪಲ್ಲವಿ.

ಬರೆದು ಕೊಡುವ ಕ್ರಮ ಒಬ್ಬೊಬ್ಬರಿಗೆ ಒಂದೊಂದು. ಕರ್ನಾಟಕ ಸಂಗೀತದವರಿಗೆ ಕನ್ನಡ ಲಿಪಿಯ ಸ್ವರಗಳು, ಗಿಟಾರಿನವರಿಗೆ ಕಾರ್ಡಿನ ಹೆಸರುಗಳ ಕೆಳಗೆ ಮಾತ್ರೆಯ ಎಣಿಕೆ, ಪಾಶ್ಚಾತ್ಯ ಪದ್ಧತಿ ಕಲಿತವರಿದ್ದರೆ ಐದು ಗೆರೆಯ ಲಿಪಿ. ಅದಕ್ಕೆ ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶ ಹಣ ಕೊಡದೆಯೇ ಸಿಗುತ್ತದೆ. ಚೆಂಡೆ ಮದ್ದಳೆಯವರಿಗೆ ಕಾಗದ ಬೇಡ. ಬಾಯಿತಾಳದಲ್ಲಿ ಹೇಳಿ, ಅವರು ತಿರುಗಿ ಹೇಳಲಿ. ಆದರೆ ಎಲ್ಲರ ಪ್ರತಿಯಲ್ಲೂ ಭಾಗಗಳಿಗೆ ಒಂದೇ ಹೆಸರಿರಬೇಕು. ನಾವು 'ಉಸಿರು', 'ಸರಿತ', 'ಇಳಿತ', 'ಏಳು' ಎಂದು ಕರೆಯುತ್ತಿದ್ದೆವು. ಅಭ್ಯಾಸದ ನಡುವೆ "ಇಳಿತದಿಂದ" ಎಂದರೆ ಎಂಟೂ ಮಂದಿ ಒಂದೇ ಕಡೆಗೆ ಬರುತ್ತಿದ್ದರು.

ಅಭ್ಯಾಸಕ್ಕೆ ಆರು ಕೂಟಗಳಾದರೂ ಬೇಕು, ಮೊದಲ ಮೂರರಲ್ಲಿ ಮೈಕ್ ಬೇಡವೇ ಬೇಡ. ಮೈಕ್ ಇಲ್ಲದೆ ಗಾಯಕರ ದನಿ ಕೇಳಿಸದಿದ್ದರೆ ನೀವು ಬರೆದದ್ದು ಹೆಚ್ಚಾಗಿದೆ ಎಂದೇ ಅರ್ಥ, ಧ್ವನಿವರ್ಧಕದಿಂದ ಅದನ್ನು ಮುಚ್ಚಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮೊದಲ ಪ್ರದರ್ಶನ ಇಟ್ಟುಕೊಂಡವರು ಪ್ರತಿ ಭಾಗದ ನಡುವೆ ಶ್ರುತಿ ನೋಡಿಕೊಳ್ಳಲು ಎಡೆ ಬಿಡಬೇಕು. ವೇದಿಕೆಯಲ್ಲಿ ಚೆಂಡೆಯನ್ನು ಹಿಂದೆ ಒಂದು ಬದಿಗೆ ಇರಿಸಿ, ಅದಕ್ಕೆ ಮೈಕ್ ಬೇಡ. ಭಜನೆಯವರನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸುವುದಕ್ಕಿಂತ ಸಭೆಯ ಎರಡು ಬದಿಯಲ್ಲಿ ಜನರ ಜತೆಗೇ ಕುಳ್ಳಿರಿಸಿದರೆ ಕೊನೆಯ ಪಲ್ಲವಿ ಸಭೆಯೊಳಗಿನಿಂದಲೇ ಏಳುತ್ತದೆ.

ಪ್ರದರ್ಶನವನ್ನು ಮುದ್ರಿಸಿಕೊಂಡು ಒಂದು ವಾರ ಕೇಳದೆ ಇಡಿ. ಅನಂತರ ಗಡಿಯಾರ ಹಿಡಿದು ಕೇಳುತ್ತ, ನಿಮ್ಮ ಮನಸ್ಸು ಬೇರೆಡೆಗೆ ಹೋದ ಜಾಗಗಳ ಸಮಯವನ್ನು ಬರೆದುಕೊಳ್ಳಿ. ತಿದ್ದುಪಡಿ ಅಲ್ಲಿಂದ ಆರಂಭವಾಗಲಿ. ತಿದ್ದಿದ ಪ್ರತಿಯನ್ನು ಮಂದಿರಕ್ಕೆ ಒಯ್ದು, ಪಲ್ಲವಿ ಯಾರಿಂದ ಬಂತೋ ಅವರ ಮುಂದೆ ಹಾಡಿ ತೋರಿಸಿ. ಉಸಿರು ತೆಗೆದ ಏಳರ ಸಾಲನ್ನು ಅವರು ತಾಳ ತಪ್ಪದೆ ತಿರುಗಿ ಹೇಳಿದರೆ, ಆ ದಿನದ ತಾರೀಕನ್ನೂ, ಹೇಳಿದವರ ಹೆಸರುಗಳನ್ನೂ ಅವರ ಒಪ್ಪಿಗೆ ಪಡೆದು ಹಸ್ತಪ್ರತಿಯ ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಮೇಲ್ಗಡೆ ಬರೆಯಿರಿ.